ಕೆಳಗಿನ ಓಣಿಯ ಲೆಕ್ಕ

೧೯೮೮ರಲ್ಲಿ ನಾನು ಬಾಗಲಕೋಟೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಿಸ್ಟಮ್ ಆಪರೇಟರ್ ಆಗಿದ್ದೆ. ಇಡೀ ಕಾಲೇಜಿಗೆ ಇದ್ದದ್ದು ಒಂದೇ ಸರ್ವರ್, ಅದಕ್ಕೆ ಜೋಡಿಸಿದ ಎಂಟು ಟರ್ಮಿನಲ್‌ಗಳು. ಅಂಥ ಯಂತ್ರವನ್ನು ಹೆಣ್ಣುಮಗಳ ಕೈಗೆ ಕೊಟ್ಟಿದ್ದಾರೆಂದು ಮೂಗು ಮುರಿಯುವವರಿಗೆ ಕೊರತೆ ಇರಲಿಲ್ಲ. ನಾನು ಅವರ ಮೂಗಿನ ಗೊಡವೆಗೆ ಹೋಗಲಿಲ್ಲ.

ಆಗ ಊರಿನವರ ಬಾಯಲ್ಲಿ ಒಂದೇ ಮಾತು, ಅಣೆಕಟ್ಟಿನ ಹಿನ್ನೀರು ಎಲ್ಲಿಯವರೆಗೆ ಬರುತ್ತದೆ ಎಂಬುದು. ಸರ್ವೆಯವರ ಮುಳುಗಡೆ ಗೆರೆ ಕೆಳಗಿನ ಓಣಿಯ ನಡುವೆಯೇ ಹಾದುಹೋಗಿತ್ತು. ಗೆರೆಯ ಒಳಗಿದ್ದವರಿಗೆ ಹೊಸ ಊರಿನಲ್ಲಿ ಜಾಗ, ಹೊರಗಿದ್ದವರಿಗೆ ಏನೂ ಇಲ್ಲ. ನೇಕಾರ ಈರಪ್ಪನ ಮನೆ ಹೊರಗೆ ಬಿದ್ದಿತ್ತು.

“ಮಳಿಗಾಲದಾಗ ನನ್ನ ಮಗ್ಗದ ಕುಣ್ಯಾಗ ನೀರು ಜಿನಗತೈತ್ರಿ ಅಕ್ಕಾರ. ಡ್ಯಾಮಿನ ನೀರು ನನ್ನ ಮನಿ ಬಿಟ್ಟು ಹೆಂಗ ಹೋಗತೈತಿ?” ಎಂದು ಅವನು ನನ್ನನ್ನೇ ಕೇಳಿದ್ದ. ನಮ್ಮ ಸಿವಿಲ್ ವಿಭಾಗದ ದೇಸಾಯಿ ಮಾಸ್ತರು ಇಡೀ ಓಣಿಯನ್ನು ಹೊಸದಾಗಿ ಅಳೆದು ತಂದರು. ಆ ಅಳತೆಗಳಿಂದ ನೆಲದ ಎತ್ತರದ ನಕ್ಷೆ ತೆಗೆಯುವುದು ನನ್ನ ಸರ್ವರಿನ ಕೆಲಸ. ಓಣಿಯವರ ತಕರಾರಿನ ವಿಚಾರಣೆಗೆ ಮೊದಲು ಅದು ಮುಗಿಯಬೇಕಿತ್ತು.

ನಾನು ಅದನ್ನು ಬ್ಯಾಕ್‌ಗ್ರೌಂಡ್ ಜಾಬ್ ಆಗಿ ಓಡಿಸಿದ್ದೆ. ಪರದೆಯ ಮೇಲೆ ಏನೂ ಕಾಣುವುದಿಲ್ಲ, ಒಳಗೆ ಮಾತ್ರ ಲೆಕ್ಕ ನಡೆದೇ ಇರುತ್ತದೆ. ಅದನ್ನು ನಿಲ್ಲಿಸಲು ಎರಡು ದಾರಿ. ಬಲವಂತವಾಗಿ ನಿಲ್ಲಿಸಿದರೆ ಆ ಕ್ಷಣವೇ ನಿಲ್ಲುತ್ತದೆ, ಆದರೆ ಅಲ್ಲಿಯವರೆಗೆ ಮಾಡಿದ್ದೆಲ್ಲ ಹೋಗುತ್ತದೆ. ಸೂಚನೆ ಕೊಟ್ಟು ನಿಲ್ಲಿಸಿದರೆ ಹಿಡಿದ ಭಾಗವನ್ನು ಮುಗಿಸಿ, ಎಲ್ಲಿಗೆ ಬಂದಿದೆ ಎಂಬುದನ್ನು ಡಿಸ್ಕಿನಲ್ಲಿ ಉಳಿಸಿ ನಿಲ್ಲುತ್ತದೆ. ಆಮೇಲೆ ಅಲ್ಲಿಂದಲೇ ಶುರು ಮಾಡಬಹುದು.

ವಿಚಾರಣೆಯ ಹಿಂದಿನ ದಿನವೇ ಕಾಲೇಜಿಗೆ ತಪಾಸಣೆ ಸಮಿತಿ ಬಂತು. ಟರ್ಮಿನಲ್‌ಗಳು ಕುಂಟುತ್ತಿದ್ದುದನ್ನು ಕಂಡು ಪ್ರಿನ್ಸಿಪಾಲರು ನನ್ನ ಹತ್ತಿರ ಧಾವಿಸಿದರು.

“ಸ್ಕ್ರೀನ್ ಖಾಲಿ ಐತಿ. ಮತ್ತ ಮಷಿನ್ ಯಾಕ ಇಷ್ಟು ನಿಧಾನ?”

“ಒಳಗ ಕೆಳಗಿನ ಓಣಿ ಲೆಕ್ಕ ನಡದೈತ್ರಿ ಸರ್.”

“ಈಗಿಂದೀಗ ತಗದು ಒಗೀರಿ ಅದನ್ನ.”

“ಒಗಿಯೂದಿಲ್ರಿ. ಹಿಡಿದದ್ದು ಮುಗಿಸಿ ನಿಲ್ಲಸ್ತೇನಿ. ಅಲ್ಲೀತನಕ ಅವರಿಗೆ ಚಾ ಕುಡಸ್ರಿ.”

ಪ್ರಿನ್ಸಿಪಾಲರ ಮುಖ ಕೆಂಪಾಯಿತು. ಕೀಬೋರ್ಡಿಗೆ ಕೈ ಚಾಚಿದರು. ನಾನು ಕುರ್ಚಿಯನ್ನು ಇನ್ನಷ್ಟು ಮುಂದೆಳೆದು ಕೂತು, ನಿಲ್ಲುವ ಸೂಚನೆ ಕೊಟ್ಟೆ. ಸಮಿತಿಯವರು ಎರಡನೆಯ ಕಪ್ ಚಹಾ ಮುಗಿಸುವ ಹೊತ್ತಿಗೆ ಜಾಬ್ ನಿಂತಿತು. ಅವರ ಮುಂದೆ ಎಂಟೂ ಟರ್ಮಿನಲ್‌ಗಳು ಚುರುಕಾಗಿ ಓಡಿದವು.

ಅವರನ್ನು ಬೀಳ್ಕೊಟ್ಟು ಬಂದ ಪ್ರಿನ್ಸಿಪಾಲರು ಬಾಗಿಲಲ್ಲೇ ನಿಂತು ಹೇಳಿದರು, “ಅದನ್ನ ಮತ್ತ ಶುರು ಮಾಡಬ್ಯಾಡ್ರಿ. ಸರ್ಕಾರದ ಗೆರಿ ತಿದ್ದೂದು ನಮ್ಮ ಕೆಲಸಲ್ಲ.”

ನನಗೆ ಮೈಯೆಲ್ಲ ಉರಿಯಿತು. ಅಳೆದು ತೋರಿಸುವುದು ಎಂಜಿನಿಯರಿಂಗ್ ಕಾಲೇಜಿನ ಕೆಲಸವಲ್ಲದಿದ್ದರೆ ಇನ್ನು ಯಾರದು? ಹೆದರಿಕೆಯೂ ಆಯಿತು, ಸುಳ್ಳು ಹೇಳುವುದಿಲ್ಲ. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಆದರೂ ಅವರು ಮೆಟ್ಟಿಲು ಇಳಿದು ಮುಗಿಸುವ ಮೊದಲೇ ನಾನು ಜಾಬ್ ಶುರು ಮಾಡಿದ್ದೆ. ಅದು ನಿಂತಲ್ಲಿಂದಲೇ ಮುಂದೆ ಹೊರಟಿತು.

ಬೆಳಿಗ್ಗೆ ಪ್ರಿಂಟರ್ ನಕ್ಷೆಯನ್ನು ಹೊರಹಾಕಿತು. ಈರಪ್ಪನ ಮನೆಯಷ್ಟೇ ಅಲ್ಲ, ಅದರ ಸಾಲಿಗೆ ಸಾಲೇ ಹಿನ್ನೀರಿನ ಮಟ್ಟಕ್ಕಿಂತ ಕೆಳಗಿತ್ತು. ದೇಸಾಯಿ ಮಾಸ್ತರು ಅದನ್ನು ವಿಚಾರಣೆಯಲ್ಲಿ ಹರಡಿ ತೋರಿಸಿದರು. ಅಧಿಕಾರಿಗಳು ಓಣಿಯನ್ನು ಮತ್ತೆ ಅಳೆಸಿದರು, ಗೆರೆ ಸರಿಯಿತು, ಈರಪ್ಪನಿಗೆ ಜಾಗ ಸಿಕ್ಕಿತು. ನನಗೆ ಸಿಕ್ಕಿದ್ದು ಒಂದು ಮೆಮೊ ಮತ್ತು ಲೈಬ್ರರಿಗೆ ವರ್ಗ.

ನಿಲ್ಲಿಸು ಎನ್ನುವ ಅಧಿಕಾರ ಮೇಲಿನವರಿಗೆ ಇರಬಹುದು. ಅರ್ಧಕ್ಕೆ ನಿಂತ ಕೆಲಸದ ಹೊಣೆ ಮಾತ್ರ ಅದನ್ನು ಕೈಗೆತ್ತಿಕೊಂಡವರದೇ ಎಂಬುದನ್ನು ಆ ನೌಕರಿ ನನಗೆ ಕಲಿಸಿತು. ಅನುಮತಿ ಇಲ್ಲದೆ ಮತ್ತೆ ಶುರು ಮಾಡಿದ್ದೇಕೆ ಎಂದು ಮೆಮೊ ಕೇಳಿತ್ತು. ಕ್ಷಮೆ ಕೇಳಿ ಬರೆದುಬಿಡಿ ಎಂದು ಎಲ್ಲರೂ ಬುದ್ಧಿ ಹೇಳಿದರು. ನಾನು ಬರೆದದ್ದು ಒಂದೇ ಸಾಲು: “ಅದು ಇನ್ನೂ ಮುಗಿದಿರಲಿಲ್ಲ.”