ಮನೆ ಇಲ್ಲವೆಂದು ಹೇಳಲಾರದ ಏಳು ಮಂದಿ

ಕಳೆದ ತಿಂಗಳು ನಾನು ಏಳು ಮಂದಿಯಿಂದ ಒಂದೇ ಒಂದು ನಿಜ ಹೇಳಿಸಲು ಹೋಗಿ ಸೋತೆ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಮಾಸ್ತರಿಕೆ ಮಾಡಿದವನು ನಾನು. ಹದಿಮೂರರ ಮಗ್ಗಿಯನ್ನು ಎಂಥೆಂಥ ಮೊಂಡರ ಬಾಯಿಂದ ಹೇಳಿಸಿದ್ದೇನೆ. ಆದರೆ ‘ನನಗೆ ಮನೆ ಇಲ್ಲ’ ಎಂಬ ಮೂರು ಶಬ್ದಗಳನ್ನು ಆ ಏಳು ಬಾಯಿಗಳಲ್ಲಿ ಒಂದರಿಂದಲೂ ಹೊರಡಿಸಲು ನನ್ನಿಂದ ಆಗಲಿಲ್ಲ.

ಅವರಿಗೆ ಮನೆ ಇತ್ತೇ? ಇರಲಿಲ್ಲ. ಇದ್ದಿದ್ದರೆ ನಾನೇಕೆ ಇಷ್ಟು ಒದ್ದಾಡುತ್ತಿದ್ದೆ?

ಮೊದಲು ಊರಿನ ವಿಷಯ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕರ ನಡುವೆ ಎಲ್ಲೋ ಒಂದು ಕಡೆ ನಮ್ಮ ಊರಿದೆ ಅಂದುಕೊಳ್ಳಿ. ಹೆಸರು ಹೇಳುವುದಿಲ್ಲ. (ಹೇಳಿದರೆ ಮುಂದಿನ ವಾರ ಈ ಅಂಕಣವೂ ಇರುವುದಿಲ್ಲ, ನನ್ನ ನೌಕರಿಯೂ ಇರುವುದಿಲ್ಲ.) ಊರಿಗೊಂದು ಮುನಸಿಪಾಲ್ಟಿ. ಮುನಸಿಪಾಲ್ಟಿಗೊಬ್ಬ ಅಧ್ಯಕ್ಷರು, ಹತ್ತಿ ದಲಾಲಿಯವರು. ಮಾರ್ಕೆಟ್ಟಿನ ಹಿಂದೆ ಸರಕು ತುಂಬಿಡಲು ಕಟ್ಟಿದ, ಮುನಸಿಪಾಲ್ಟಿಯದೇ ಒಂದು ಹಳೆಯ ವಖಾರಿ. ಸ್ವಾತಂತ್ರ್ಯ ಬಂದ ಹೊಸತರಲ್ಲಿ, ನಾವೆಲ್ಲರೂ ಖಾದಿ ತೊಟ್ಟು ಒಂದಾರು ತಿಂಗಳು ಒಳ್ಳೆಯವರಾಗಿದ್ದೆವಲ್ಲ, ಆಗ ಆ ವಖಾರಿಗೆ ಸುಣ್ಣ ಹೊಡೆಸಿ ‘ನಿರ್ಗತಿಕರ ಆಶ್ರಯ’ ಎಂದು ಬೋರ್ಡು ಹಾಕಿದರು. ಮಲಗಲು ಜಾಗ, ಒಂದು ಕಂದೀಲು, ಎರಡು ಹೊತ್ತು ರೊಟ್ಟಿ. ಖರ್ಚು ಅರ್ಧ ಜಿಲ್ಲೆಯದು, ಅರ್ಧ ಊರಿನದು. ಪ್ರತಿ ವರ್ಷ ಮಾರ್ಚಿ ತಿಂಗಳಲ್ಲಿ ‘ಇದನ್ನು ಮುಂದುವರಿಸತಕ್ಕದ್ದು’ ಅಂತ ಮುನಸಿಪಾಲ್ಟಿ ಒಂದು ಠರಾವು ಮಾಡಿದರೆ ಮುಗಿಯಿತು.

ಈ ವರ್ಷ ಜಿಲ್ಲೆಯಿಂದ ಹೊಸ ನಿಯಮ ಬಂತು. ಸಾಹೇಬರೊಬ್ಬರು ಸ್ವತಃ ಬರುತ್ತಾರೆ. ಆಶ್ರಯದಲ್ಲಿ ಇರುವ ಪ್ರತಿಯೊಬ್ಬನೂ ಅವರ ಮುಂದೆ ‘ನನಗೆ ಮನೆ ಇಲ್ಲ’ ಎಂದು ಬಾಯಿಬಿಟ್ಟು ಹೇಳಬೇಕು. ಹೇಳಿದ್ದನ್ನು ಬರೆದುಕೊಂಡು ಹೆಬ್ಬಟ್ಟು ಒತ್ತಿಸಿ, ಮುನಸಿಪಾಲ್ಟಿಯ ಮೀಟಿಂಗಿನಲ್ಲಿ ಎಲ್ಲರೆದುರು ಓದಬೇಕು. ಆಮೇಲೆ ಗ್ರ್ಯಾಂಟು.

ಗ್ರ್ಯಾಂಟು ನಿಲ್ಲಿಸಬಾರದು ಅಂತ ಇದೇ ಅಂಕಣದಲ್ಲಿ ಖಾರವಾಗಿ ಬರೆದಿದ್ದೆ. ನಮ್ಮ ಅಧ್ಯಕ್ಷರು ಜಾಣರು. ಸಿಟ್ಟಾಗಲಿಲ್ಲ. ಮರುದಿನವೇ ನನ್ನನ್ನು ಆಶ್ರಯದ ಕಮಿಟಿಗೆ ಗೌರವ ಸದಸ್ಯನನ್ನಾಗಿ ಮಾಡಿಬಿಟ್ಟರು. ಊರಿಗೆ ಉಪಕಾರ ಮಾಡಬೇಡ, ಹೆಣಕ್ಕೆ ಸಿಂಗಾರ ಮಾಡಬೇಡ ಅಂತ ಹಿರಿಯರು ಹೇಳಿದ್ದು ನೆನಪಾಯಿತು. ಆದರೆ ನೇಮಕದ ಪತ್ರ ಕೈಗೆ ಬಂದು, ಅದನ್ನು ನಾನು ಹೆಂಡತಿಗೆ ಎರಡು ಸಲ ಓದಿ ತೋರಿಸಿದ ಮೇಲೆ.

ಸಾಹೇಬರು ಬರುವ ಎರಡು ದಿನ ಮೊದಲು ಸಾಲಿ ಬಿಟ್ಟ ಮೇಲೆ ವಖಾರಿಗೆ ಹೋದೆ. ಒಂದು ರಿಹರ್ಸಲ್ ಆಗಲಿ ಅಂತ.

ಏಳು ಮಂದಿ ಸಾಲಾಗಿ ಕುಳಿತರು. ಮೊದಲು ಭೀಮಪ್ಪ. ಹತ್ತಿ ಗಿರಣಿಯಲ್ಲಿ ಮೂರು ಬೆರಳು ಕಳೆದುಕೊಂಡವನು. ನಿನಗೆ ಮನೆ ಇದೆಯೇ ಅಂತ ಕೇಳಿದೆ. ಇದೆ ಅಂದ. ಎಲ್ಲಿ ಅಂದೆ. ಊರ ಅಗಸಿಬಾಗಿಲ ಹತ್ತಿರ, ಸದ್ಯಕ್ಕೆ ತಮ್ಮ ಇದ್ದಾನೆ ಅಂದ. ಆ ತಮ್ಮ ಇವನನ್ನು ಹೊರಗೆ ಹಾಕಿ ಎಂಟು ವರ್ಷವಾಗಿದೆ ಎಂಬುದು ಇಡೀ ಊರಿಗೆ ಗೊತ್ತು. ಎರಡನೆಯವನಿಗೆ ಸೋದರಮಾವನ ಮನೆ ಇತ್ತು. ಮೂರನೆಯವನಿಗೆ ಅಜ್ಜ ಕಟ್ಟಿಸಿದ ಮನೆ ಇತ್ತು, ಅಜ್ಜ ಮಾತ್ರ ಅದನ್ನು ಮಾರಿ ಸತ್ತಿದ್ದ. ಹೀಗೆ ಒಬ್ಬೊಬ್ಬರದೂ ಒಂದೊಂದು ಮನೆ. ವಖಾರಿಯಲ್ಲಿ ಒಂದು ಓಣಿಯೇ ಎದ್ದು ನಿಂತಿತು.

ನನಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು, ಆಮೇಲೆ ಬುದ್ಧಿ ಬಂತು. ನಾವು ಎಂಥ ಜನ ಹೇಳಿ? ಮನೆಯಲ್ಲಿ ಅಕ್ಕಿ ತೀರಿದರೆ ಇಲ್ಲ ಅನ್ನುವುದಿಲ್ಲ, ಹೆಚ್ಚಾಗಿದೆ ಅನ್ನುತ್ತೇವೆ. ದೀಪ ಆರಿಸು ಅನ್ನುವುದಿಲ್ಲ, ಶಾಂತ ಮಾಡು ಅನ್ನುತ್ತೇವೆ. ಇಲ್ಲ ಅಂದರೆ ಮೇಲೆ ಯಾವುದೋ ದೇವತೆ ಅಸ್ತು ಅಂದುಬಿಡುತ್ತದಂತೆ. ಇಂಥ ಜನರ ಬಾಯಲ್ಲಿ, ಅದೂ ಸರಕಾರಿ ಸಾಹೇಬರ ಮುಂದೆ, ‘ಮನೆ ಇಲ್ಲ’ ಅನ್ನಿಸಬೇಕು ಅಂತ ನಿಯಮ ಬರೆದವನು ಯಾವ ಲೋಕದಲ್ಲಿ ಹುಟ್ಟಿದವನೋ.

ಕೊನೆಗೆ ಗಂಗವ್ವ. (ಹೆಸರು ಬದಲಿಸಿದ್ದೇನೆ. ಮುಂದೆ ಬರುವ ಮನೋಳಿ, ಮುನವಳ್ಳಿ, ನೇಸರಗಿ ಕೂಡ ಬೇರೆ ಮೂರು ಊರುಗಳಿಗೆ ನಾನು ಇಟ್ಟ ಹೆಸರುಗಳೇ. ಹುಡುಕಿಕೊಂಡು ಹೋಗಬೇಡಿ.) ಅರವತ್ತು ದಾಟಿದ ಮುದುಕಿ. ಸೀರೆ ಹರಿದಿದೆ, ಹೊಲಿಗೆ ಕಾಣದಂತೆ ಉಟ್ಟಿದ್ದಾಳೆ. ಇವಳಾದರೂ ಹೇಳುತ್ತಾಳೆ ಅಂತ ನನ್ನ ನಂಬಿಕೆ.

“ಆ ಮಾತು ಮಾತ್ರ ಆಡಿಸಬ್ಯಾಡ್ರಿ ಮಾಸ್ತರ,” ಅಂದಳು. “ಮೊಮ್ಮಗಳ ಲಗ್ನ ಗೊತ್ತಾಗೇತಿ.”

ಲಗ್ನಕ್ಕೂ ಗ್ರ್ಯಾಂಟಿಗೂ ಏನು ಸಂಬಂಧ? ನಿಧಾನವಾಗಿ ಬಿಡಿಸಿ ಹೇಳಿದಳು. ಮನೋಳಿಯಲ್ಲಿ ಆಕೆಯದು ಏಳು ಖಣದ ಮನೆ, ಅಂದರೆ ಕಂಬದಿಂದ ಕಂಬಕ್ಕೆ ಏಳು ಅಂತರ. ಸಣ್ಣದೇನಲ್ಲ. ಒಬ್ಬನೇ ಮಗ ಬಹಳ ವರ್ಷಗಳ ಹಿಂದೆ ಜ್ವರದಲ್ಲಿ ಹೋದ. ಸೊಸೆ ಕೂಸನ್ನು ಎತ್ತಿಕೊಂಡು ಮುನವಳ್ಳಿಯ ತವರಿಗೆ ಹೋದಳು. ಎರಡು ಮಳೆಗಾಲದ ಹಿಂದೆ ಹೊಳೆ ಒಳಗೆ ಬಂತು, ಹೋಗುವಾಗ ಗೋಡೆಗಳನ್ನೂ ತೆಗೆದುಕೊಂಡು ಹೋಯಿತು. ಮುನವಳ್ಳಿಯವರು ಬಾ ಅಂದರು. ಆದರೆ ಬೀಗರ ಮನೆಯಲ್ಲಿ ಎಷ್ಟು ದಿನ ಉಣ್ಣಲು ಬರುತ್ತದೆ? ಹಬ್ಬಕ್ಕೆ ಹೋಗಿ ಎರಡು ದಿನ ಇದ್ದು ಬಂದರೆ ಚಂದ. ಹೀಗಾಗಿ ಗಂಗವ್ವ ವಖಾರಿಗೆ ಬಂದಳು. ಕೇಳಿದವರಿಗೆ, ಪೇಟೆಯಲ್ಲಿ ಸ್ವಲ್ಪ ಕೆಲಸ ಇದೆ ಅಂತ ಹೇಳಿಕೊಂಡಿದ್ದಾಳೆ.

ಈಗ ಕೂಸು ದೊಡ್ಡದಾಗಿ ನೇಸರಗಿಯ ಒಳ್ಳೆಯ ರೈತರ ಮನೆಗೆ ಲಗ್ನ ನಿಶ್ಚಯವಾಗಿದೆ.

“ಮನೋಳಿ ಏಳು ಖಣದ ಮನಿ ಹುಡಿಗಿ ಅಂತ ಅವರು ಒಪ್ಪ್ಯಾರ್ರಿ. ಮನಿ ಇಲ್ಲ ಅಂತ ಸರಕಾರಿ ಕಾಗದದ ಮ್ಯಾಲ ನಾನ ಹೆಬ್ಬಟ್ಟು ಒತ್ತಿದರ ಆ ಕೂಸಿನ ಗತಿ ಏನ್ರಿ? ಗ್ವಾಡಿ ಬಿದ್ದದ್ದು ಅವರಿಗೆ ಗೊತ್ತಿಲ್ಲ. ಲಗ್ನ ಆಗೂತನಾ ಅದು ನಿಂತೈತಿ ಅಂತ ತಿಳೀರಿ.”

ನಾನು ವಾದ ಮಾಡಿದೆ. ಕಾಗದ ಓದುವುದು ನಮ್ಮ ಊರಲ್ಲಿ, ನೇಸರಗಿಯಲ್ಲಿ ಅಲ್ಲ ಅಂದೆ. ಆಕೆ ನನ್ನ ಮುಖ ನೋಡಿ ಸಣ್ಣಗೆ ನಕ್ಕಳು. ನಮ್ಮ ಊರಿನ ಮಾತು ನೇಸರಗಿಯ ಬಸ್ಸಿಗಿಂತ ಮೊದಲು ನೇಸರಗಿ ಮುಟ್ಟುತ್ತದೆ ಎಂಬುದು ನನಗೂ ಗೊತ್ತಿತ್ತು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಮನೆ ಬಿದ್ದ ಸುದ್ದಿ ಮುಚ್ಚಿಟ್ಟು ಮದುವೆ ಮಾಡಿ ನೋಡು ಅಂತ ಯಾರೂ ಹೇಳಿರಲಿಲ್ಲ. ಗಂಗವ್ವ ಅದನ್ನೂ ಮಾಡಲು ಹೊರಟಿದ್ದಳು.

ಸಾಹೇಬರು ಬಂದರು. ತರುಣ, ಸಭ್ಯ, ಕೈಯಲ್ಲಿ ಫೌಂಟನ್ ಪೆನ್ನು. ಎಲ್ಲರನ್ನೂ ‘ಮನೆ ಇದೆಯೇ’ ಅಂತ ಕೇಳಿದರು. ಎಲ್ಲರೂ ಇದೆ ಅಂದರು. ಖಣ ಎಷ್ಟು ಅಂತ ಕೇಳಿದರು. ಎಲ್ಲರೂ ಒಂದೊಂದು ಹೆಚ್ಚಿಗೆ ಹಾಕಿಯೇ ಹೇಳಿದರು. ನಾನು ನಡುವೆ ಬಾಯಿ ಹಾಕಿದರೆ, ಸಾಕ್ಷಿಗೆ ಹೇಳಿಕೊಡಬಾರದು ಅಂತ ಗದರಿದರು. (ನನ್ನ ವಿದ್ಯಾರ್ಥಿಗಳು ಅಲ್ಲಿ ಇರಲಿಲ್ಲ, ಪುಣ್ಯ.)

ಗಂಗವ್ವನ ಸರದಿ ಬಂತು. ಸೆರಗು ಹೊದ್ದು ಎದ್ದು ನಿಂತಳು.

“ಐತ್ರಿ ಸಾಹೇಬರ. ಏಳು ಖಣದ್ದು, ಮೂಡ ಬಾಗಲದ್ದು. ಒಂದು ಸಲ ಬರ್ರಿ, ಹೋಳಿಗಿ ಉಂಡು ಹೋಗೀರಂತ.”

ಸಾಹೇಬರಿಗೆ ಬಹಳ ಸಂತೋಷವಾಯಿತು. ಹಾಗಾದರೆ ಇಲ್ಲಿ ಯಾಕೆ ಇದ್ದೀರಿ ಅಂತ ಕೇಳಿದರು. ಪೇಟೆಯಲ್ಲಿ ಸ್ವಲ್ಪ ಕೆಲಸ ಇದೆ, ಮುಗಿಸಿಕೊಂಡು ಹೋಗುತ್ತೇನೆ ಅಂದಳು. ಅದನ್ನೂ ಬರೆದುಕೊಂಡರು. ಏಳೂ ಮಂದಿ ಹೆಬ್ಬಟ್ಟು ಒತ್ತಿದರು, ಭೀಮಪ್ಪನ ಹೆಬ್ಬೆರಳು ಸದ್ಯ ಉಳಿದಿತ್ತು.

ಮೀಟಿಂಗು ಸಂತೆಯ ದಿನ. ಹಾಲಿನ ತುಂಬ ಮಂದಿ. ನನ್ನ ಪಕ್ಕದ ಬೆಂಚಿನಲ್ಲಿ ತಲೆಗೆ ದೊಡ್ಡ ರುಮಾಲು ಸುತ್ತಿದ ಒಬ್ಬ ಗೃಹಸ್ಥರು ಬಂದು ಕುಳಿತರು. ಮಾತಿಗೆ ಮಾತು ಬೆಳೆಯಿತು. ನೇಸರಗಿಯವರು, ಅಧ್ಯಕ್ಷರ ಅಂಗಡಿಗೆ ಹತ್ತಿ ತರುವವರು, ಅವರಿಗಾಗಿ ಕಾಯುತ್ತಿದ್ದರು. ಬರುವ ತಿಂಗಳು ಮಗನ ಲಗ್ನ ಅಂದರು. ಹುಡುಗಿ ಮುನವಳ್ಳಿಯಲ್ಲಿ ಬೆಳೆದವಳು, ಆದರೆ ಮೂಲ ಮನೋಳಿಯ ಏಳು ಖಣದ ಮನೆತನ ಅಂತ ಹೆಮ್ಮೆಯಿಂದ ಹೇಳಿದರು. ಇವರೇ ಆ ಬೀಗರು! ನಾನು ಬಾಯಲ್ಲಿದ್ದ ಎಲೆ ಅಡಿಕೆಯನ್ನು ಹಾಗೇ ನುಂಗಿದೆ.

ಕಾರಕೂನ ಸಾಹೇಬರ ರಿಪೋರ್ಟು ಓದಿದ. ಹೆಸರಿಲ್ಲದೆ ಓದಿದ್ದು ಒಂದು ಪುಣ್ಯ. ಆಶ್ರಯದಲ್ಲಿ ಇರುವ ಏಳೂ ಜನ ಮನೆಯುಳ್ಳವರು, ಅನುಕೂಲಕ್ಕಾಗಿ ಅಲ್ಲಿ ಇರುತ್ತಾರೆ, ಆದ್ದರಿಂದ ಗ್ರ್ಯಾಂಟಿನ ಅಗತ್ಯ ಕಾಣುವುದಿಲ್ಲ. ಸದಸ್ಯರೊಬ್ಬರು ಎದ್ದು, ಬಡವರ ಹೆಸರಿನಲ್ಲಿ ಉಳ್ಳವರು ಉಣ್ಣುವ ಕಾಲ ಬಂತಲ್ಲ ಅಂತ ಮರುಗಿದರು. (ಇವರ ಮನೆಯ ನಳದ ನೀರಿನ ಕತೆ ಇನ್ನೊಮ್ಮೆ ಯಾವಾಗಲಾದರೂ.) ಉಳಿಯುವ ಹಣದಲ್ಲಿ ಪಾರ್ಕಿನಲ್ಲಿ ಕಾರಂಜಿ ಮಾಡಿಸೋಣ ಅಂತ ಇನ್ನೊಬ್ಬರು ಅಂದರು. ಬೇಸಿಗೆಯಲ್ಲಿ ಬಾವಿಯ ಮುಂದೆ ಕೊಡಗಳ ಸಾಲು ಅಗಸಿ ಮುಟ್ಟುವ ಊರು ನಮ್ಮದು. ಯಾರೂ ನಗಲಿಲ್ಲ.

ನಾನು ಎದ್ದು ನಿಂತೆ. ಇದೆಲ್ಲ ಸುಳ್ಳು, ಅವರಲ್ಲಿ ಒಬ್ಬಳ ಮನೆ ಹೊಳೆಯಲ್ಲಿ ಹೋಗಿದೆ, ಬೇಕಾದರೆ ಮನೋಳಿಗೆ ಹೋಗಿ ನೋಡಿ ಅಂತ ಹೇಳಬೇಕು. ಹೇಳಿದರೆ ಗಂಗವ್ವನಿಗೆ ಮಲಗಲು ಜಾಗ ಉಳಿಯುತ್ತದೆ, ಮೊಮ್ಮಗಳ ಲಗ್ನ ಹೋಗುತ್ತದೆ. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವುದು ಇದಕ್ಕೇ. ನೇಸರಗಿಯವರು ಕುತೂಹಲದಿಂದ ನನ್ನನ್ನೇ ನೋಡುತ್ತಿದ್ದರು.

“ಹೇಳ್ರಿ ಮಾಸ್ತರ,” ಅಂದರು ಅಧ್ಯಕ್ಷರು. “ಆ ಏಳು ಮಂದಿ ಸುಳ್ಳು ಹೇಳ್ಯಾರೇನು?”

“ಇಲ್ಲ,” ಅಂದೆ.

ಏಳು ಜನರಿಗೆ ಕಲಿಸಲು ಹೋಗಿದ್ದ ಶಬ್ದ ನನ್ನ ಬಾಯಿಂದಲೇ ಬಂತು. ಕಾರಕೂನ ಅದನ್ನೂ ಬರೆದುಕೊಂಡ. ಠರಾವು ಪಾಸಾಯಿತು. ವಾರದೊಳಗೆ ಬೋರ್ಡು ಕೆಳಗಿಳಿಯಿತು. ಉಳಿದವರು ಗುಡಿ, ಬಸ್ ಸ್ಟ್ಯಾಂಡು ಅಂತ ದಿಕ್ಕಾಪಾಲಾದರು. ಗಂಗವ್ವ ತನ್ನ ಗಂಟು ಹಿಡಿದು, ಲಗ್ನದ ಓಡಾಟ ಇದೆ ಅಂತ ಮುನವಳ್ಳಿಗೆ ಹೋದಳು. ಲಗ್ನದ ಮನೆಗೆ ಹೋಗಲು ಯಾರ ಅಡ್ಡಿ?

ಮೂರು ವಾರ ನಾನು ಈ ವಿಷಯ ಬರೆಯಲಿಲ್ಲ. ಓದುಗರು ಗಮನಿಸಿರಬಹುದು, ಆ ಮೂರು ವಾರ ನಾನು ಮಾವಿನ ಉಪ್ಪಿನಕಾಯಿ, ತಡವಾಗಿ ಬರುವ ಬಸ್ಸು, ನನ್ನ ಹಲ್ಲುನೋವು ಇವುಗಳ ಮೇಲೆ ಬರೆದೆ. ಹೇಡಿಗೆ ವಿಷಯಗಳ ಕೊರತೆ ಇರುವುದಿಲ್ಲ.

ಮೊನ್ನೆ ಗುರುವಾರ ಗಂಗವ್ವ ನಮ್ಮ ಮನೆಗೆ ಬಂದಳು. ಕೈಯಲ್ಲಿ ಲಗ್ನದ ಬುಂದೆ ಉಂಡಿಯ ಪೊಟ್ಟಣ. ಕಟ್ಟೆಯ ಮೇಲೆ ಕುಳಿತು ನೀರು ಕುಡಿದು ಹೇಳಿದಳು:

“ಅಕ್ಕಿಕಾಳು ಬಿದ್ದೂರಿ ಮಾಸ್ತರ. ಕೂಸು ಗಂಡನ ಮನಿ ಸೇರಿತು. ಇನ್ನ ಬರಕೋರಿ. ನನಗ ಮನಿ ಇಲ್ಲ.”

ಅಳಲಿಲ್ಲ, ದನಿಯೂ ನಡುಗಲಿಲ್ಲ. ನಾನು ರಿಹರ್ಸಲ್‌ನಲ್ಲಿ ಹೇಳಿಕೊಟ್ಟ ಹಾಗೆಯೇ, ಒಂದು ಶಬ್ದ ತಪ್ಪದೆ ಹೇಳಿದಳು. ಜೀವನದಲ್ಲಿ ಮೊದಲ ಸಲ ಒಬ್ಬರು ಪಾಠ ಒಪ್ಪಿಸಿದ್ದಕ್ಕೆ ನಾಚಿಕೆಪಟ್ಟೆ.

ಆಗಲೇ ಆಕೆಯನ್ನು ಕರೆದುಕೊಂಡು ಅಧ್ಯಕ್ಷರ ಅಂಗಡಿಗೆ ಹೋದೆ. ಗಾದಿಯ ಮೇಲೆ ಒರಗಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಲಗ್ನದ ಮಾತು ಬಂದಾಗ ಪಾಪ ಅಂದರು, ನಿಜವಾಗಿಯೂ ಅಂದರು. ಆಶ್ರಯ ಮತ್ತೆ ತೆರೆಯಬೇಕು, ಈಕೆಯ ಹೇಳಿಕೆ ಹೊಸದಾಗಿ ಬರೆದುಕೊಳ್ಳಿ ಅಂದಾಗ ಮಾತ್ರ ತಲೆ ಅಲ್ಲಾಡಿಸಿದರು.

“ಅವತ್ತ ಸಾಹೇಬರ ಮುಂದ ಮನಿ ಐತಿ ಅಂದಾಕಿ, ಇವತ್ತ ಇಲ್ಲ ಅಂತಾಳ. ಒಮ್ಮೆ ಸುಳ್ಳು ಹೇಳಿದವರನ್ನ ಮತ್ತ ಹ್ಯಾಂಗ ನಂಬೂದ್ರಿ ಮಾಸ್ತರ?”

ಗಂಗವ್ವ ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು ಅಂಗಡಿಯ ಮೆಟ್ಟಿಲು ಇಳಿದಳು.

ವಖಾರಿ ಖಾಲಿ ಇಲ್ಲ. ಹತ್ತಿಯ ಅಂಡಿಗೆಗಳನ್ನು ತೊಲೆಯ ತನಕ ಒಟ್ಟಿದ್ದಾರೆ. ಯಾರ ಹತ್ತಿ ಅಂತ ನಾನು ಹೇಳಲಾರೆ. (ಅಂಡಿಗೆಗಳ ಮೇಲೆ ಮಸಿಯಲ್ಲಿ ಹೆಸರು ಬರೆದಿದೆ, ಓದಲು ಬರುವವರು ಓದಿಕೊಳ್ಳಿ.) ಗಂಗವ್ವ ಈಗ ನಮ್ಮ ಸಾಲಿಯ ಪಡಸಾಲೆಯಲ್ಲಿ ಮಲಗುತ್ತಾಳೆ. ಬೇಸಿಗೆಯ ಸೂಟಿ ಮುಗಿಯುವ ತನಕ ಇರಲಿ ಅಂತ ಹೆಡ್‌ಮಾಸ್ತರರು ಒಪ್ಪಿದ್ದಾರೆ. ಸೂಟಿ ಮುಗಿಯುವುದು ಜೂನಿನಲ್ಲಿ, ಮಳೆ ಹಿಡಿಯುವುದೂ ಆಗಲೇ.

ನಿಮ್ಮ ಮನೆಗೇ ಕರೆದುಕೊಂಡು ಹೋಗಬಹುದಿತ್ತಲ್ಲ ಅಂತ ನೀವು ಕೇಳುತ್ತೀರಿ. ಕರೆದೆ. ಬೇಡ್ರಿ ಅಂದಳು. ನಮ್ಮ ಕಡೆ ಮೂರು ಸಲ ಕರೆದರೆ ಕರೆದಂತೆ, ನಿಮಗೂ ಗೊತ್ತು. ನಾನು ಒಂದು ಸಲ ಕರೆದೆ. ಅಧ್ಯಕ್ಷರನ್ನು ಬಯ್ಯುವಾಗ ನನಗೂ ಇಷ್ಟು ಪಾಲು ಇರಲಿ.

ಇದೇ ಅಧ್ಯಕ್ಷರು ಹಿಂದಿನ ಚುನಾವಣೆಯಲ್ಲಿ ಆ ವಖಾರಿಯ ಮುಂದೆಯೇ ನಿಂತು, ತಾವು ಇರುವ ತನಕ ಈ ಬಾಗಿಲು ಮುಚ್ಚುವುದಿಲ್ಲ ಅಂತ ಭಾಷಣ ಮಾಡಿದ್ದರು. ನಾವು ಚಪ್ಪಾಳೆ ಹೊಡೆದಿದ್ದೆವು. ಮತ್ತೆ ಚುನಾವಣೆ ಹತ್ತಿರ ಬಂದಿದೆ.

ಒಮ್ಮೆ ಸುಳ್ಳು ಹೇಳಿದವರನ್ನು ಮತ್ತೆ ನಂಬಬಾರದು ಅಂತ ಅವರೇ ಹೇಳಿಕೊಟ್ಟಿದ್ದಾರೆ, ದೊಡ್ಡವರ ಮಾತನ್ನು ಒಂದು ಸಲವಾದರೂ ನಡೆಸಿಕೊಡಬೇಡವೇ?