ಮನೆಯೊಳಗಿನ ಚಪ್ಪಲಿ

ಚೀನಾದಲ್ಲಿ ಗೆಳತಿಯ ಮನೆ ಬಾಗಿಲಲ್ಲೇ ನನ್ನ ಹಟ ಶುರುವಾಯಿತು. ನಾವಿರುವ ಕೆನ್ಮೋರ್‌ನಲ್ಲಿ ವರ್ಷಗಟ್ಟಲೆ ನಮ್ಮ ಪಕ್ಕದ ಮನೆಯಲ್ಲಿದ್ದು ತನ್ನ ಊರಿಗೆ ವಾಪಸಾದವಳು ಅವಳು. ಬಂದೇ ಬರ್ತೀನಿ ಅಂದಿದ್ದೆ, ಹೋದೆ.

ಶೂ ಬಿಚ್ಚುತ್ತಿದ್ದಂತೆ ಅವಳ ಅಮ್ಮ ಉಣ್ಣೆಯ ಚಪ್ಪಲಿ ತಂದಿಟ್ಟರು. ಮನೆಯೊಳಗೆ ಚಪ್ಪಲಿಯೇ? ಅದೂ ಅಡುಗೆಮನೆಯವರೆಗೆ? ನನ್ನ ಕೈಲಾಗಲ್ಲ ಅಂದೆ. ನೆಲದ ಥಂಡಿ ಕಾಲಿಂದ ಮೈಗೇರುತ್ತದೆ ಎಂದು ಅಮ್ಮ ಹೇಳಿದ್ದನ್ನು ಗೆಳತಿ ಇಂಗ್ಲಿಷಿನಲ್ಲಿ ತಿಳಿಸಿದಳು. ನಾನು ಜಗ್ಗಲಿಲ್ಲ. ಬರಿಗಾಲಲ್ಲೇ ಹೋಗಿ ಸೋಫಾದ ಮೇಲೆ ಕೂತೆ. ಚಪ್ಪಲಿ ಹಿಡಿದು ಹಿಂದೆಯೇ ಬಂದ ಆ ಹಿರಿಯರು ನನ್ನ ಮುಂದೆ ಮಂಡಿಯೂರಿ ಪಾದಕ್ಕೇ ಕೈ ಹಾಕಿದರು.

ದೊಡ್ಡವರಿಂದ ಕಾಲು ಮುಟ್ಟಿಸಿಕೊಳ್ಳುವುದೇ! ದಡಬಡಿಸಿ ಎದ್ದು, ಚಪ್ಪಲಿ ಕಿತ್ತುಕೊಂಡು ಹಾಕಿಕೊಂಡೆ. ಅಮ್ಮ ಗೆದ್ದವರ ಹಾಗೆ ನಕ್ಕರು. ಕಾಲು ಬೆಚ್ಚಗಾಯಿತು, ಸುಳ್ಳೇಕೆ ಹೇಳಲಿ.

ಆಗ ನೆನಪಾಯಿತು: ನಮ್ಮ ಮನೆಗೆ ಬಂದಾಗಲೆಲ್ಲ ಗೆಳತಿ ಸೋಫಾದ ಮೇಲೆ ಕಾಲು ಮಡಚಿಯೇ ಕೂರುತ್ತಿದ್ದಳು. ಸಲಿಗೆ ಅಂದುಕೊಂಡಿದ್ದೆ. ಕೇಳಿದರೆ, "ನಿಮ್ಮನೆ ನೆಲ ಕೊರೀತಿತ್ತು" ಅಂದಳು.

ಮುಂದಿನ ಚಳಿಗಾಲಕ್ಕೆ ಅವಳು ಕೆನ್ಮೋರ್‌ಗೆ ಬರುತ್ತಾಳೆ. ಅವಳ ಅಳತೆಯ ಉಣ್ಣೆ ಚಪ್ಪಲಿ ಈಗಲೇ ನಮ್ಮ ಬಾಗಿಲ ಒಳಗಿದೆ. ಅಡುಗೆಮನೆಗೂ ಹಾಕಿಕೊಂಡೇ ಬರಲಿ. ನಾನು ಮಾತ್ರ ಬರಿಗಾಲೇ.