ಚಿಗವ್ವ ಬರೆದ ಬಾಣ

ಅವ್ವನ ಎಡ ಮೊಣಕಾಲು ಸವೆದುಹೋಗಿತ್ತು. ಬಲಗಾಲು ಗಟ್ಟಿಯಾಗಿತ್ತು. ಆ ಒಂದು ಕಾಲಿನ ಬಲದ ಮೇಲೆಯೇ ಬಾಲಗಾಂವದ ನಮ್ಮ ಮನೆಯನ್ನೆಲ್ಲ ಆಳುತ್ತಿದ್ದಳು. ಜತ್ತದ ದವಾಖಾನೆಯಲ್ಲಿ ಎಡಗಾಲಿನ ಕೀಲು ಬದಲಿಸುವುದೆಂದು ನಿಶ್ಚಯವಾಯಿತು.

ಆಪರೇಷನ್ನಿನ ಹಿಂದಿನ ಸಂಜೆ ಡಾಕ್ಟರು ಬಂದು ಅವ್ವನ ಎಡತೊಡೆಯ ಮೇಲೆ ನೇರಳೆ ಮಸಿಯಲ್ಲಿ ಒಂದು ಬಾಣ ಬರೆದು, ಅಳಿಸಬೇಡಿ ಎಂದು ಹೇಳಿ ಹೋದರು. ತಪ್ಪು ಕಾಲನ್ನು ಕೊಯ್ಯಬಾರದೆಂದು ಈ ಏರ್ಪಾಡಂತೆ. ಇಷ್ಟು ಓದಿದವರಿಗೂ ಎಡಬಲ ಮರೆಯುತ್ತದೆಯೇ ಎಂದು ನಾನು ಒಳಗೊಳಗೇ ನಕ್ಕೆ. ನಮ್ಮ ಮನೆತನದ ಶಕ್ತಿ ನನಗಿನ್ನೂ ಗೊತ್ತಿರಲಿಲ್ಲ.

ಬೆಳಿಗ್ಗೆ ಅವ್ವನ ತಂಗಿ, ನನ್ನ ಚಿಗವ್ವ, ಬಂದಳು. ಸ್ನಾನ, ವಿಭೂತಿ ಇಲ್ಲದೆ ಚಹಾದ ಕಪ್ಪನ್ನೂ ಮುಟ್ಟದವಳು, ಅಕ್ಕನನ್ನು ಹಾಗೇ ಚಾಕುವಿನ ಕೆಳಗೆ ಕಳಿಸುತ್ತಾಳೆಯೇ? ನಾನು ಔಷಧ ತರಲು ಕೆಳಗಿಳಿದಾಗ ಏನಾಯಿತೆಂಬುದು ಆಮೇಲೆ ತಿಳಿಯಿತು. ಅವ್ವನ ಮೈ ತೊಳೆಸಿ, ತೊಡೆಯ ಮೇಲಿನ ‘ಕಲೆ’ಯನ್ನು ಸಬೂನು ಹಚ್ಚಿ ತಿಕ್ಕಿ ತಿಕ್ಕಿ ತೆಗೆದು, ಹಣೆಯಿಂದ ಮೊಣಕಾಲಿನವರೆಗೆ ವಿಭೂತಿ ಹಚ್ಚಿದ್ದಾಳೆ. ಅದು ಡಾಕ್ಟರು ಬರೆದದ್ದೆಂದು ಅವ್ವ ಹೇಳಿದ ಮೇಲೆ ಚಿಗವ್ವನ ಜೀವ ಹಾರಿದೆ. ಕೂಡಲೇ ಚೀಲದಿಂದ ಬಾಲ್‌ಪೆನ್ನು ತೆಗೆದು, ಅಕ್ಕನ ಎದುರಿಗೆ ಕುಳಿತು, ಗಡಿಬಿಡಿಯಲ್ಲಿ ‘ಎಡಗಾಲು’ ಎಂಬುದೊಂದನ್ನೇ ನೆನಪಿಟ್ಟು, ತನ್ನ ಎಡಗೈಯ ಕಡೆ ಕಂಡ ಕಾಲಿಗೆ ಬಾಣ ಬರೆದಿದ್ದಾಳೆ. ಎದುರಿಗೆ ಕೂತವರ ಎಡಬಲ ತಿರುಗುಮುರುಗಾಗುತ್ತದೆ ಎಂಬ ಯೋಚನೆ ಅವಳ ಹತ್ತಿರವೂ ಸುಳಿದಿಲ್ಲ. ಬಾಣ ಮಾತ್ರ ಡಾಕ್ಟರದ್ದಕ್ಕಿಂತ ಚೆಂದವಿತ್ತು.

ನಾನು ಮೇಲೆ ಬರುವಷ್ಟರಲ್ಲಿ ಅವ್ವನನ್ನು ಮಲಗಿಸಿದ್ದ ಗಾಡಿ ಆಪರೇಷನ್ ಥಿಯೇಟರಿನ ಬಾಗಿಲಲ್ಲಿತ್ತು. ನರ್ಸಮ್ಮ ಸುರಕ್ಷತೆಯ ಪ್ರಶ್ನೆಗಳನ್ನು ಕೇಳುತ್ತಿದ್ದಳು. ಬಾಣದ ಮೇಲೆ ಬೆರಳಿಟ್ಟು, “ಇದ ಕಾಲೇನ್ರಿ, ಆಯಿ?” ಅಂದಳು.

“ಹೂಂ ರಿ,” ಅಂದಳು ಅವ್ವ.

ಉತ್ತರವನ್ನು ಬೆರಳಿಟ್ಟು ತೋರಿಸಿ ಪ್ರಶ್ನೆ ಕೇಳುವ ಇಂಥ ಪರೀಕ್ಷೆ ನಮ್ಮ ಸಾಲೆಯಲ್ಲಿ ಇದ್ದಿದ್ದರೆ ನಾನು ಇಷ್ಟೊತ್ತಿಗೆ ಕಲೆಕ್ಟರಮ್ಮನಾಗಿರುತ್ತಿದ್ದೆ. ಆದರೆ ಹೊದಿಕೆ ಸರಿದಿದ್ದ ಆ ಕಾಲನ್ನು ಆಗ ಸರಿಯಾಗಿ ನೋಡಿದೆ. ಅದು ಬಲಗಾಲು. ಗಾಡಿಯನ್ನು ಗಟ್ಟಿಯಾಗಿ ಹಿಡಿದೆ.

“ಸಿಸ್ಟರ್, ಆ ಕಾಲಲ್ರಿ. ಎಡಗಾಲು ಮಾಡೂದೈತಿ.”

“ಪೇಶಂಟ್ ಹೂಂ ಅಂದಾರಲ್ರಿ ಮತ್ತ.”

“ಅಕಿ ಎಲ್ಲಾದಕ್ಕೂ ಹೂಂ ಅಂತಾಳ. ಡಾಕ್ಟರ್‌ನ ಕರೀರಿ.”

ಡಾಕ್ಟರು ಬಂದರು. ಎಕ್ಸ್‌ರೇ ನೋಡಿದರು, ಕಾಲು ನೋಡಿದರು, ಬೆವರೊರೆಸಿಕೊಂಡರು. “ಈ ಬಾಣ ಯಾರು ಬರದ್ರಿ?” ಎಂದರು. ಚಿಗವ್ವ ಗೋಡೆಯ ಮೇಲಿನ ದೇವರ ಫೋಟೋವನ್ನು ಭಕ್ತಿಯಿಂದ ನೋಡತೊಡಗಿದಳು. ಅವಳ ಮೇಲೂ, ನರ್ಸಮ್ಮನ ಮೇಲೂ ನನಗೆ ಸಿಟ್ಟು ನೆತ್ತಿಗೇರಿತ್ತು. ಡಾಕ್ಟರು ಎಡಗಾಲಿಗೆ ತಾವೇ ಮತ್ತೆ ಬಾಣ ಬರೆದು ಒಳಗೆ ಕರೆದೊಯ್ದರು. ಆಪರೇಷನ್ ಚೆನ್ನಾಗಿಯೇ ಆಯಿತು.

ಮನೆಗೆ ಬಂದ ಮೇಲೆ ಅವ್ವನನ್ನು ಕೇಳಿಯೇಬಿಟ್ಟೆ.

“ತಪ್ಪು ಕಾಲಿಗೆ ಬರದಾಳಂತ ನಿನಗ ಗೊತ್ತಾಗಲಿಲ್ಲೇನು?”

“ಗೊತ್ತಿತ್ತು.”

“ಮತ್ತ ಯಾಕ ಹೂಂ ಅಂದಿ?”

ಅವ್ವ ಬ್ಯಾಂಡೇಜನ್ನು ಸವರಿಕೊಂಡಳು.

“ಅಲ್ಲ ಅಂದಿದ್ರ ಅಷ್ಟು ಮಂದ್ಯಾಗ ನನ್ನ ತಂಗೀಗಿ ಬೈತಿದ್ರಲ್ಲ, ಯವ್ವಾ.”